ಬಿಸಿಯ ನೆಪ

ಹಿಟ್ಟು ನಾದುವ ಸ್ಟೀಲ್ ಪರಾತವನ್ನು ಬೋರಲು ಹಾಕಿ, ಅದರ ಮೇಲೆ ನೀರಿನ ಬಾಟಲಿಗಳ ನಾಲ್ಕು ಮುಚ್ಚಳಗಳನ್ನು ಚೌಕವಾಗಿ ಜೋಡಿಸಿ, ಆ ಪೀಠದ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿ, ಇದ್ದೊಂದು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ, ಪಕ್ಕದಲ್ಲಿ ನಾನು ಬನಿಯನ್ನಿನಲ್ಲಿ ಬೆವರುತ್ತ ಕೂರುತ್ತಿದ್ದೆ. ಯಂತ್ರಕ್ಕೆ ಗಾಳಿ, ಯಜಮಾನನಿಗೆ ಧಗೆ. ಕಂಡವರು ನಗುತ್ತಿದ್ದರೇನೋ, ಆದರೆ ಈಗ ಛತ್ರಪತಿ ಸಂಭಾಜಿನಗರವೆನ್ನುವ, ಆಗ ನಾವು ಔರಂಗಾಬಾದ್ ಎನ್ನುತ್ತಿದ್ದ ಊರಿನ ಆ ಒಂಟಿ ಕೋಣೆಯಲ್ಲಿ ಕಾಣುವವರು ಯಾರೂ ಇರಲಿಲ್ಲ.

ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕಕ್ಕೆ ಬಂದಾಗ ಮಗಳು ಮೇಧಾ ಮೂರು ವರ್ಷದವಳು. ಪಂಚವಟಿಯ ಓಣಿಗಳಲ್ಲಿ ಬೆಳೆದ ಅವಳ ಜಗಳ, ಪಾಠ, ಕನಸು ಎಲ್ಲವೂ ಮರಾಠಿಯಲ್ಲಿ; ಕನ್ನಡ ಅವಳ ಕಿವಿಗೆ ತಿಳಿಯುತ್ತಿತ್ತು, ನಾಲಿಗೆಗೆ ಒಗ್ಗುತ್ತಿರಲಿಲ್ಲ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ನನಗೆ ಔರಂಗಾಬಾದಿಗೆ ವರ್ಗವಾಯಿತು. ಶಾಲೆ ಬಿಡಿಸುವುದು ಬೇಡವೆಂದು ಹೆಂಡತಿ ಶಾಲಿನಿ ಮಗಳೊಂದಿಗೆ ಅಲ್ಲೇ ಉಳಿದಳು. ನಾನು ಶನಿವಾರ ಬಸ್ಸು ಹತ್ತಿ ಹೋಗಿ ಭಾನುವಾರ ಸಂಜೆ ಮರಳುವ ಅಪ್ಪನಾದೆ.

ಆ ದೂರಕ್ಕೆ ಮೇಧಾಳೇ ಒಂದು ಉಪಾಯ ಕಂಡುಹಿಡಿದಳು. ಇಂಟರ್ನೆಟ್ ಮೂಲಕ ಕೂಡಿ ಆಡುವ ಆಟವೊಂದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಕಲಿಸಿಕೊಟ್ಟಳು. ನನ್ನದೊಂದು ಊರು, ಪಕ್ಕದಲ್ಲಿ ಅವಳದೊಂದು ಊರು. ಇಬ್ಬರೂ ಕೋಟೆ ಕಟ್ಟಿ, ಅವಳ ಶಾಲೆಯ ಇಬ್ಬರು ಗೆಳತಿಯರು ಕಳಿಸುವ ಸೈನ್ಯದಿಂದ ಕಾಪಾಡಿಕೊಳ್ಳಬೇಕು. ಮಾತು ಹೆಡ್‌ಫೋನಿನಲ್ಲಿ ನಾಲ್ವರಿಗೂ ಕೇಳಿಸುತ್ತಿತ್ತು. ಶತ್ರುಗಳಿಗೆ ಗುಟ್ಟು ತಿಳಿಯಬಾರದೆಂದು ನಾವಿಬ್ಬರೂ ಕನ್ನಡದಲ್ಲೇ ಮಾತಾಡಬೇಕೆಂದು ನಿಯಮ ಮಾಡಿದವಳೂ ಅವಳೇ.

“ಅಪ್ಪಾ, ಲೌಕರ್ ಬರ್ರಿ, ದರವಾಜಾ ಮುರದಾರ” ಎಂದು ಅರ್ಧ ಮರಾಠಿಯಲ್ಲಿ ಅವಸರಿಸುತ್ತಿದ್ದಳು.

“ದರವಾಜಾ ಅಲ್ಲವ್ವಾ, ಊರಿಗಿ ಇರೂದು ಅಗಸಿ.”

“ಅಗಸಿ” ಎಂದು ಒಮ್ಮೆ ಬಾಯಲ್ಲಿ ಆಡಿಸಿಕೊಂಡು, ಮರುದಿನ ತಪ್ಪದೆ ಬಳಸುತ್ತಿದ್ದಳು. ಹೀಗೆ ಬುರುಜು ಬಂತು, ಕಂದಕ ಬಂತು. ಹತ್ತು ವರ್ಷ ಮನೆಯಲ್ಲಿ ಗದರಿಸಿಯೂ ಬಾರದ ಭಾಷೆ, ಒಂದು ಕಾಲ್ಪನಿಕ ಕೋಟೆಯ ನೆರಳಿನಲ್ಲಿ ತಾನಾಗಿ ಚಿಗುರುತ್ತಿತ್ತು.

ಅಡ್ಡಿಯಾದದ್ದು ಲ್ಯಾಪ್‌ಟಾಪಿನ ಬಿಸಿ. ಆಟ ಶುರುವಾಗಿ ಅರ್ಧ ತಾಸಿಗೆ ಒಳಗಿನ ಫ್ಯಾನು ಗೊರಗೊರ ಎಂದು ಏದುಸಿರು ಬಿಡುತ್ತಿತ್ತು. ಕೀಲಿಗಳ ಮೇಲಿಟ್ಟ ಬೆರಳು ಸುಡುತ್ತಿತ್ತು. ಆಮೇಲೆ ಒಮ್ಮೆಲೇ ಪರದೆ ಕಪ್ಪಾಗಿ, ಅವಳ ದನಿ ಅರ್ಧ ಮಾತಿಗೇ ತುಂಡಾಗುತ್ತಿತ್ತು. ನಾನು ಫೋನ್ ಮಾಡಿ, “ಬಿಸಿ ಆಗಿ ಬಂದ್ ಬಿತ್ತವಾ” ಎಂದರೆ, “ಇರ್ಲಿ ಅಪ್ಪಾ, ಆರ್ಲಿ. ನಾ ಕಾಯ್ತೀನಿ” ಎನ್ನುತ್ತಿದ್ದಳು. ಯಂತ್ರ ಬಿಸಿಯಾಗಿ ಕಾಯುವುದೂ ಮಗಳು ದಾರಿ ಕಾಯುವುದೂ ಒಂದೇ ಪದವಲ್ಲವೇ ಎಂದು ಆಗ ಮಾತಿನ ಚಮತ್ಕಾರಕ್ಕೆ ನಕ್ಕಿದ್ದೆ.

ಪರಾತ, ಮುಚ್ಚಳ ಯಾವುದೂ ಫಲಿಸದೆ, ದೀಪಾವಳಿಯ ಮುಂಚೆ ರಿಪೇರಿ ಅಂಗಡಿಗೆ ಒಯ್ದೆ. ಖುಲ್ತಾಬಾದಿನ ಕಡೆಯ ಆ ನಡುವಯಸ್ಸಿನ ಮನುಷ್ಯ ತಳ ಬಿಚ್ಚಿ, ಚಿಮಟಿಗೆಯಿಂದ ಫ್ಯಾನಿನ ಬಾಯಿಗೆ ಅಂಟಿದ್ದ ಬೂದು ಬಣ್ಣದ ಪದರವೊಂದನ್ನು ಇಡಿಯಾಗಿ ಎಳೆದು ತೋರಿಸಿದ. “ಸಾಹೇಬ್, ಗಾದೀ ಪರ್ ರಖ್‌ಕೇ ಚಲಾತೇ ಥೇ ನಾ?” ಎಂದ. ನಿಜ, ಪರಾತದ ಉಪಾಯ ಹೊಳೆಯುವ ಮುಂಚೆ ಎಷ್ಟೋ ತಿಂಗಳು ಹಾಸಿಗೆಯ ಮೇಲೇ ಇಟ್ಟು ಆಡಿದ್ದೆ, ಅದರ ಅರಳೆಯನ್ನೆಲ್ಲ ಯಂತ್ರ ಉಸಿರಾಡಿತ್ತು. ಅವನು ಧೂಳು ತೆಗೆದು, ಬಿಸಿಯನ್ನು ಹೊರಗೆ ಸಾಗಿಸುವ ಹಳೆಯ ಪೇಸ್ಟ್ ಒಣಗಿದ್ದನ್ನು ಕೆರೆದು, ಹೊಸದನ್ನು ಹಚ್ಚಿಕೊಟ್ಟ. ಅಂದಿನಿಂದ ಲ್ಯಾಪ್‌ಟಾಪು ಮಳೆಗಾಲದ ಕಲ್ಲಿನಂತೆ ತಣ್ಣಗಾಯಿತು.

ಆ ಸುದ್ದಿಯನ್ನು ನಾನು ಮಗಳಿಗೆ ಹೇಳಲಿಲ್ಲ.

ಏಕೆಂದು ಕೇಳುತ್ತೀರಿ. ಅದೇ ದಿನಗಳಲ್ಲಿ ನನಗೊಂದು ಕನ್ನಡದ ಮೇಜು ಸಿಕ್ಕಿತ್ತು. ಕುಂದಾಪುರದ ರಘುರಾಮಣ್ಣನವರ ಹೋಟೆಲಿನ ಮೂಲೆಯಲ್ಲಿ, ನನ್ನ ಹಾಗೆ ಸಂಸಾರ ಬಿಟ್ಟು ಬಂದ ವಿಜಾಪುರದ, ಗದಗದ ನಾಲ್ಕೈದು ನೌಕರರು ಸಂಜೆ ಕೂಡುತ್ತಿದ್ದರು. ದಿನವಿಡೀ ಕೌಂಟರಿನಲ್ಲಿ ಮರಾಠಿ ಹಿಂದಿ ಆಡಿ ದಣಿದ ಬಾಯಿಗೆ ಆ ಹರಟೆ ಅಮೃತದಂತಿತ್ತು. “ಎಂತ ಸಾರ್, ನಿನ್ನೆ ಕಾಣ್ಲೇ ಇಲ್ಲ?” ಎಂದು ರಘುರಾಮಣ್ಣ ಕೇಳಿದರೆ, ಯಾರೋ ನನ್ನ ದಾರಿ ನೋಡುತ್ತಿದ್ದಾರೆಂಬ ಸುಖ. ಹದಿಮೂರರ ಹುಡುಗಿಯ ತೊದಲು ಕನ್ನಡಕ್ಕಿಂತ ದೊಡ್ಡವರ ನೆಟ್ಟನೆಯ ಕನ್ನಡ ನನಗೆ ರುಚಿಸಿತು. ಏಳಕ್ಕೆ ಆಟಕ್ಕೆ ಕೂತು, ಏಳೂವರೆಗೆ ನಾನೇ ಆಟ ಮುಚ್ಚಿ, “ಮತ್ತ ಬಿಸಿ ಆತವಾ, ಇವತ್ತು ಚಾಲೂನೇ ಆಗವಲ್ದು” ಎಂದು ಫೋನಿನಲ್ಲಿ ಹೇಳಿ, ಚಪ್ಪಲಿ ಮೆಟ್ಟುತ್ತಿದ್ದೆ. ಬಿಸಿಯಾದದ್ದು ಲ್ಯಾಪ್‌ಟಾಪಲ್ಲ, ಬಿಜಿಯಾದದ್ದು ನಾನು. ಅವಳು ಪ್ರತಿ ಸಲವೂ “ಇರ್ಲಿ ಅಪ್ಪಾ” ಎನ್ನುತ್ತಿದ್ದಳು. “ಕಾಯ್ತೀನಿ” ಎನ್ನುವುದು ಮಾತ್ರ ಯಾವಾಗಲೋ ಬಿಟ್ಟುಹೋಗಿತ್ತು, ನಾನು ಗಮನಿಸಲಿಲ್ಲ.

ಎರಡೂವರೆ ವರ್ಷದ ಮೇಲೆ ನಾಸಿಕಕ್ಕೆ ಮರಳಿ ವರ್ಗವಾಯಿತು. ಮೇಧಾ ಆಗ ಹತ್ತನೆಯ ಪರೀಕ್ಷೆ ಮುಗಿಸಿದ್ದಳು. ಸಾಮಾನು ಬಿಚ್ಚುತ್ತಿದ್ದಾಗ ಶಾಲಿನಿ ಸಹಜವಾಗಿ ಅಂದಳು: “ನೀವು ಆಟ ಬಿಟ್ಟ್ ಹೋದ ಮ್ಯಾಲೂ ಆಕಿ ಒಂದ್ ತಾಸು ಕೂತೇ ಇರ್ತಿದ್ಲು. ಅಪ್ಪನ ಊರು ಬೀಳಬಾರದು ಅಂತ ತನ್ನ ಸೈನ್ಯ ಅಲ್ಲೇ ನಿಲ್ಲಸ್ತಿದ್ಲು. ಎಷ್ಟೋ ಸಲ ಅದರಾಗ ತನ್ನ ಊರೇ ಕಳಕೊಂಡ್ಲು.”

ಆ ಸಂಜೆ ಮಗಳನ್ನು ಗೋದಾವರಿಯ ಘಾಟಿಗೆ ಕರೆದುಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತು, ಇನ್ನು ಮೇಲೆ ಒಂದೇ ಮನೆಯಲ್ಲಿ ಅಕ್ಕಪಕ್ಕ ಕೂತು ಆಡೋಣವೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಆ ಹಾಳಾದ ಲ್ಯಾಪ್‌ಟಾಪ್ ಬಿಸಿ ಆಗಿ ಎಲ್ಲಾ ಕೆಡಿಸ್ತು ನೋಡವಾ” ಎಂದೂ ಸೇರಿಸಿದೆ.

ಅವಳು ನೀರು ನೋಡುತ್ತಲೇ ಹೇಳಿದಳು: “ಮಷೀನ್ ತಾನಾ ಬಂದ್ ಬಿದ್ರ ನಮ್ಮ ಕಡೆ ಆಟ ನಿಲ್ತದ ಅಪ್ಪಾ. ಸ್ಕ್ರೀನಿನಾಗ ನಿಮ್ಮ ಹೆಸರಿನ ಮುಂದ ಘಡ್ಯಾಳದ ಮುಳ್ಳು ತಿರಗ್ತದ. ನೀವಾಗೇ ಮುಚ್ಚಿದ್ರ, ಬಿಟ್ಟು ಹೋದ್ರು ಅಂತ ಬರ್ತದ. ಆ ದೀಪಾವಳಿ ಆದ್ ಮ್ಯಾಲೆ ಘಡ್ಯಾಳ ಒಂದ್ ಸಲಾನೂ ಬರ್ಲಿಲ್ಲ.”

ಸಂಜೆಯ ಆರತಿಯ ಗಂಟೆಗಳು ಶುರುವಾದವು. ನಾನು ಕೇಳಿದೆ: “ಆಗೇ ಯಾಕ ಹೇಳಲಿಲ್ಲವಾ?”

“ಹೇಳಿದ್ರ ನೀವು ಆ ಅರ್ಧಾ ತಾಸೂ ಬರೂದು ಬಿಡ್ತಿದ್ರಿ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದನ್ನು ಆರಿಸುವ ದಾರಿಯನ್ನಾದರೂ ಹುಡುಕುತ್ತಿದ್ದೆ. ಗೆಳೆಯರೇ, ಮಕ್ಕಳಿಗೆ ನಮ್ಮ ಸುಳ್ಳು ತಿಳಿಯದೆಂದು ನಾವು ನಂಬಿರುತ್ತೇವೆ. ತಿಳಿದೂ ಅದನ್ನು ಮುರಿಯದಂತೆ ಜೋಪಾನವಾಗಿ ಹಿಡಿದುಕೊಂಡು ಕೂತ ಮಗುವಿನ ಕೈ ಎಷ್ಟು ಸೋತಿರಬಹುದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪ್ಪಾಯಿತೆಂದೆ. “ಚಾಲತೇ” ಎಂದು ಎದ್ದು ನಿಂತಳು. ನಡೆಯುತ್ತದೆ, ಪರವಾಗಿಲ್ಲ ಎನ್ನುವ ಮರಾಠಿಯ ಆ ಒಂದು ಮಾತು.

ಆಮೇಲೆ ನಾವು ಆಡಲಿಲ್ಲ. ಎರಡು ಸಲ ನಾನೇ ಕರೆದೆ; ಓದುವುದಿದೆಯೆಂದಳು, ಇತ್ತು ಕೂಡ. ಈಗ ಪುಣೆಯಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಭಾನುವಾರ ಅವಳ ಫೋನ್ ಬರುತ್ತದೆ. ನಾನು ಎತ್ತಿದರೆ, “ಬಾಬಾ, ಜೇವಣ ಝಾಲಂ ಕಾ?” ಎಂದು ಮರಾಠಿಯಲ್ಲೇ ಕೇಳುತ್ತಾಳೆ. “ಊಟ ಆತವಾ, ನಿಂದು?” ಎನ್ನುತ್ತೇನೆ. ಅವಳೂ ಆಯಿತೆನ್ನುತ್ತಾಳೆ. ಇನ್ನೇನು ಕೇಳಲೆಂದು ನಾನು ಮಾತು ಹುಡುಕುವಷ್ಟರಲ್ಲಿ, “ಆಯಿಲಾ ದ್ಯಾ” ಎನ್ನುತ್ತಾಳೆ, ಅಮ್ಮನಿಗೆ ಕೊಡಿ ಎಂದು. ನಾನು ಫೋನನ್ನು ಶಾಲಿನಿಯ ಕೈಗೆ ಕೊಟ್ಟು, ಅಲ್ಲೇ ಬಾಗಿಲ ಹತ್ತಿರ ನಿಂತಿರುತ್ತೇನೆ.