ಟ್ರಿಪ್ ಮೀಟರಿನ ಎಂಟು ಕಿಲೋಮೀಟರ್

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಹಿಂದೆಲ್ಲ ನಗುತ್ತಿದ್ದೆ. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಅಳೆದು ನೋಡಿದ್ದನ್ನು ಮಾತ್ರ ನಂಬಿರಿ ಎಂದು ಮಕ್ಕಳ ತಲೆ ತಿಂದವನು. ಈಗ ಹೇಳುವುದರಲ್ಲಿ ಅಳತೆಯೂ ಇದೆ, ನನ್ನನ್ನು ಕಾಡುತ್ತಿರುವುದೂ ಅದೇ. ಓದಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ, ಬೈಸಿಕೊಳ್ಳಲು ನಾನು ಲಾಯಕ್ಕಾಗಿಯೇ ಇದ್ದೇನೆ.

ಎರಡು ವರ್ಷದ ಹಿಂದೆ ಹೊಸ ಕಾರು ಕೊಂಡೆ. ಅದರಲ್ಲಿ ಕ್ರೂಸ್ ಕಂಟ್ರೋಲ್ ಇತ್ತು. ಎಂಬತ್ತರ ವೇಗಕ್ಕೆ ತಂದು ಗುಂಡಿ ಒತ್ತಿದರೆ ಮುಗಿಯಿತು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ಆರಾಮಾಗಿ ಕೂಡಬಹುದು. ಬ್ರೇಕ್ ಮುಟ್ಟಿದರೆ ಅದು ಬಿಟ್ಟುಹೋಗುತ್ತದೆ. ಹೀಗೆ ಒಂದೇ ವೇಗದಲ್ಲಿ ಹೋದರೆ ಡೀಸೆಲ್ ಉಳಿಯುತ್ತದೆ ಎಂದು ನನ್ನ ವಾದ. ಕಾಲಿನ ಹದ ಯಾವ ಗುಂಡಿಗೂ ಬರುವುದಿಲ್ಲ ಎಂದು ಮುದ್ದೇಬಿಹಾಳದಲ್ಲಿರುವ ನನ್ನ ಹೆಂಡತಿಯ ತಮ್ಮನ ವಾದ. ಮಾತಿಗೆ ಮಾತು ಬೆಳೆದು ಇಬ್ಬರೂ ಜಿದ್ದಿಗೆ ಬಿದ್ದೆವು. ಒಂದು ಭಾನುವಾರ ಮಧ್ಯಾಹ್ನ ಅವನ ಮನೆ ಮುಂದೆ, ಅವನ ಕಣ್ಣೆದುರೇ, ಓಡಿದ ದೂರವನ್ನೂ ಡೀಸೆಲ್ ಲೆಕ್ಕವನ್ನೂ ತೋರಿಸುವ ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಸಿಂದಗಿ ಮುಟ್ಟಿದ ಕೂಡಲೇ ಫೋಟೊ ಕಳಿಸುತ್ತೇನೆ, ನೋಡುವಿಯಂತೆ ಎಂದು ಹೇಳಿ ಒಬ್ಬನೇ ಹೊರಟೆ.

ಬಾಗೇವಾಡಿ ದಾಟುವಷ್ಟರಲ್ಲಿ ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಆವರೇಜು ತೋರಿಸುತ್ತಿತ್ತು. ನನ್ನ ಖುಷಿ ಏನು ಕೇಳುತ್ತೀರಿ! ಎದುರಿಗೆ ಕುರಿ ಹಿಂಡೊಂದು ಅಡ್ಡ ಬರದಿದ್ದರೆ ಸಾಕು ಎನ್ನುತ್ತ ಕೂತಿದ್ದೆ.

ಇಂಗಳೇಶ್ವರಕ್ಕೆ ಒಳಗೆ ಹೋಗುವ ಕ್ರಾಸಿನಲ್ಲಿ ಇಬ್ಬರು ನಿಂತಿದ್ದರು. ಕೈ ಮಾಡುತ್ತಿದ್ದವರು ಮೆಹಬೂಬ ಕಾಕಾ ಎಂದು ದೂರದಿಂದಲೇ ಗುರುತು ಸಿಕ್ಕಿತು. ನಾನು ಹುಟ್ಟಿ ಬೆಳೆದದ್ದು ಇಂಗಳೇಶ್ವರದಲ್ಲೇ. ಆಗ ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದ ಈ ಕಾಕಾನೇ ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು. ಪಕ್ಕದಲ್ಲಿ ಅವರ ಹೆಂಡತಿ, ನನಗೆ ಕಾಕು. ಅವರ ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದಾರೆ ಎಂಬುದು ನೋಡಿದರೇ ತಿಳಿಯುತ್ತಿತ್ತು. ಏಪ್ರಿಲ್ ತಿಂಗಳ ಕೆಂಡದಂಥ ಬಿಸಿಲು. ನಮ್ಮ ಕಡೆ ಕ್ರಾಸಿನಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳುವುದು ಉಪಕಾರವಲ್ಲ, ರೂಢಿ. ಖಾಲಿ ಗಾಡಿ ನಿಲ್ಲಿಸದೆ ಹೋದವನ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿರುತ್ತದೆ.

ಕಾಲು ಬ್ರೇಕಿನ ಮೇಲೆ ಹೋಗಿತ್ತು. ಒತ್ತಲಿಲ್ಲ. ನಿಲ್ಲಿಸಿ, ನಾಲ್ಕು ಕಿಲೋಮೀಟರ್ ಆ ತಗ್ಗುದಿನ್ನೆಯ ರಸ್ತೆಯಲ್ಲಿ ಹೋಗಿ ಬಿಟ್ಟುಬಂದರೆ ನನ್ನ ಆವರೇಜು ಮಣ್ಣುಪಾಲು ಎಂದುಕೊಂಡೆ. ಇನ್ನೇನು ಬಸ್ಸು ಬಂದೀತು ಎಂದು ಸಮಾಧಾನವನ್ನೂ ಹೇಳಿಕೊಂಡೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಕಾಕಾನ ಕೈ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಥೂ ನನ್ನ ಜನ್ಮಕ್ಕೆ ಅನಿಸಿತು. ಆದರೂ ಗಾಡಿ ತಿರುಗಿಸಲಿಲ್ಲ.

ಸಿಂದಗಿಯಲ್ಲಿ ಮನೆ ಮುಂದೆ ನಿಲ್ಲಿಸಿ ಫೋಟೊ ತೆಗೆದು ನೋಡಿದರೆ ಆವರೇಜು ಇಪ್ಪತ್ತಕ್ಕೆ ಇಳಿದಿತ್ತು. ದೂರವೂ ಎಂದಿನದಕ್ಕಿಂತ ಎಂಟು ಕಿಲೋಮೀಟರ್ ಹೆಚ್ಚಿತ್ತು. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಲೆಕ್ಕ ನನಗೆ ಬಾಯಿಪಾಠ. ಮೀಟರು ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ತೋರಿಸಿದೆ. ಎಲ್ಲ ತಪಾಸಣೆ ಮಾಡಿ, ಏನೂ ಆಗಿಲ್ಲ, ನೀವೇ ಎಲ್ಲೋ ಸುತ್ತಿ ಬಂದಿರಬೇಕು ಎಂದು ಅವನು ನಕ್ಕ.

ಮೂರು ದಿನ ಬಿಟ್ಟು ಕಾಕಾನ ಫೋನು ಬಂತು. ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದೆ.

"ಭಾಳ ಛಲೋ ಆತು ತಮ್ಮಾ," ಎಂದರು. "ಆವತ್ತ ನೀ ಮನಿ ಬಾಗಲಿಗೆ ತಂದು ಬಿಡಲಿಲ್ಲಂದ್ರ ನಿಮ್ಮ ಕಾಕು ಬಿಸಲಾಗ ಬಿದ್ದ ಬಿಡ್ತಿದ್ಲು."

ನಾನಲ್ಲ ಎನ್ನಬೇಕಿತ್ತು. ಎಂದರೆ ನೋಡಿಯೂ ಹೋದದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಇರಲಿ ಬಿಡ್ರಿ ಕಾಕಾ ಎಂದುಬಿಟ್ಟೆ. ಮಾಡದ ಕೆಲಸಕ್ಕೆ ಹೊಗಳಿಸಿಕೊಂಡು ಫೋನಿಟ್ಟೆ.

ಎರಡು ವಾರ ಹೇಗೋ ತಡೆದೆ. ಆಮೇಲೆ ಇಂಗಳೇಶ್ವರಕ್ಕೆ ಹೋದೆ. ಕಾಕುವಿನ ಕಣ್ಣಿನ ಪಟ್ಟಿ ತೆಗೆದಿದ್ದರು. ಚಹಾ ಕೊಟ್ಟು ನನ್ನ ಕೈ ಹಿಡಿದುಕೊಂಡರು.

"ಆವತ್ತ ಮುಖ ಕಾಣಲಿಲ್ಲಪಾ, ಆದ್ರ ದನಿ ನಿಂದಽ. ಗಾಡ್ಯಾಗ ಎ.ಸಿ. ಹಚ್ಚಿ, ಥಂಡಿ ಆಗಾಕತ್ತೈತೇನ ಕಾಕು ಅಂತ ಎರಡ ಸಲ ಕೇಳಿದಿ."

ಇನ್ನು ತಡೆಯಲಾಗಲಿಲ್ಲ. "ಕಾಕಾ, ನಾ ನಿಮ್ಮನ್ನ ನೋಡಿದೆ. ನೋಡಿನೂ ನಿಲ್ಲಿಸಲಿಲ್ರಿ, ಹಂಗಽ ಹೋಗಿಬಿಟ್ಟೆ," ಎಂದೆ.

ಕಾಕಾ ಬಸಿಯಲ್ಲಿನ ಚಹಾ ಕುಡಿದು ಮುಗಿಸಿದರು. "ಗೊತ್ತೈತಿ. ಮೊದಲ ದಾಟಿ ಹೋದಿ. ಆಮ್ಯಾಲ ಹೊಳ್ಳಿ ಬಂದಿಯಲ್ಲ, ಮತ್ಯಾಕ ಕೊರಗ್ತಿ?"

ಹೊಳ್ಳಿ ಬರಲಿಲ್ಲ ಎಂದು ಆಣೆ ಮಾಡಿ ಹೇಳಿದೆ. ನಾಚಿಕೆಗೆ ಹಾಗೆನ್ನುತ್ತಿದ್ದೇನೆ ಎಂದುಕೊಂಡರೇನೋ, ಬೆನ್ನ ಮೇಲೆ ಕೈಯಾಡಿಸಿ ಮಾತು ಬೇರೆ ಕಡೆ ತಿರುಗಿಸಿದರು.

ಆ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಕ್ರಾಸಿನಿಂದ ಅವರ ಮನೆ ಬಾಗಿಲಿಗೆ ನಾಲ್ಕು ಕಿಲೋಮೀಟರ್, ವಾಪಸು ನಾಲ್ಕು. ಪಶ್ಚಾತ್ತಾಪದಲ್ಲಿ ಮೈಮರೆತು ನಾನೇ ಹೋಗಿ ಬಂದೆನೇ? ಹೊಳ್ಳಿ ಬಂದವನು ನಾನೇ ಎಂದು ನಂಬಲು ಎಷ್ಟು ಆಸೆಯಿದೆಯೆಂದು ನಿಮಗೆ ಹೇಗೆ ಹೇಳಲಿ. ಆದರೆ ಅದರ ಒಂದು ಗಳಿಗೆಯೂ ನನಗೆ ನೆನಪಿಲ್ಲ. ನೆನಪಿರುವುದು ಕನ್ನಡಿಯಲ್ಲಿ ಕೆಳಗಿಳಿದ ಆ ಕೈ ಮಾತ್ರ.