ಇಳಿಜಾರಿನಲ್ಲಿ ನಿಂತ ಮನೆ

ಚಿಲಿ ದೇಶದ ಚಿಲೋಯೆ ದ್ವೀಪದವರು ಜಾಗ ಬಿಟ್ಟರೂ ಮನೆ ಬಿಡುವವರಲ್ಲ. ಮರದ ಮನೆಯನ್ನು ಇಡಿಯಾಗಿ ದಿಮ್ಮಿಗಳ ಮೇಲೇರಿಸಿ, ಎತ್ತು ಕಟ್ಟಿ ಕಡಲಿಗೆಳೆದು ತೇಲಿಸಿ, ದೋಣಿಯಿಂದ ಜಗ್ಗಿಕೊಂಡು ಹೋಗುತ್ತಾರೆ. ಕೂಲಿಯ ಮಾತಿಲ್ಲ, ಎಲ್ಲ ಒಬ್ಬರಿಗೊಬ್ಬರು ದುಡಿದು ತೀರಿಸುವ ಮುಯ್ಯಾಳು. ಕರೆದವನು ಕುರಿ ಕೊಯ್ದು ಉಣ್ಣಿಸಿದರೆ ಸಾಕು.

ಅಬ್ದೊನ್ ನಾವುತೊ ಮನೆ ಸಮೇತ ಹೊರಟಿದ್ದು ಒಂದು ಮರದ ಸೇತುವೆಯ ಕಾಟಕ್ಕೆ. ರಾಜಧಾನಿಯ ಕಲಾವಿದನೊಬ್ಬ ಇವನ ಹೊಲದ ಇಳಿಜಾರಿಗೆ ಅಡ್ಡಲಾಗಿ ಕಟ್ಟಿಸಿದ್ದು. ಗುಡ್ಡದಲ್ಲಿ ಹುಟ್ಟಿ ಕಡಲಿನ ಮೇಲೆ ಗಾಳಿಯಲ್ಲೇ ಮುಗಿಯುತ್ತದೆ. ಮಂಜು ಕವಿದರೆ ನಡೆಯುವವರು ಮೋಡದೊಳಗೆ ಹೊಕ್ಕಂತೆ. ಚೆಂದವೇ, ಇಲ್ಲವೆನ್ನಲಾಗದು. ಕಂಬಕ್ಕೆ ಗಟ್ಟಿ ನೆಲ ಇದೊಂದೇ ಎಂದು ಜಾಗ ತೋರಿಸಿದವನೂ ಅಬ್ದೊನ್ನನೇ. ಊರೆಲ್ಲ ಮುಯ್ಯಾಳಾಗಿ ನಿಂತು ಕಟ್ಟಿತು.

ಆಮೇಲೆ ನೋಡುವ ಜನ ಮುತ್ತಿತು. ಅಡುಗೆಮನೆಯ ಕಿಟಕಿಗೆ ಮೂಗೊತ್ತಿ ಇಣುಕುವವರು, ಕಕ್ಕಸು ಕೇಳುವವರು. ಹೆಂಡತಿ ಎದುವಿನಾ ಪರದೆ ಎಳೆದುಕೊಂಡು ಹಗಲಲ್ಲೇ ದೀಪ ಹಚ್ಚತೊಡಗಿದಳು. ಕೊನೆಗೆ, "ನಾನೇನು ಬೋನಲ್ಲಿರೋ ಕರಡಿನಾ? ಆಚೆ ಕೊಲ್ಲಿಗೆ ಹೋಗೋಣ ನಡಿ" ಎಂದಳು.

ಅಬ್ದೊನ್ ಮುಯ್ಯಾಳು ಕರೆದ. ಊರು ಬಂತು, ಉಂಡಿತು, ಎಳೆಯಿತು. ಮನೆ ಸೇತುವೆಯವರೆಗೆ ಬಂದು ನಿಂತಿತು. ಕಡಲಿಗಿಳಿಯಲು ಎತ್ತು ಕಾಲೂರುವ ಗಟ್ಟಿ ನೆಲವೂ ಅದೊಂದೇ ತಾನೆ! ಸೇತುವೆಯ ನಡುವಿನ ಒಂದು ತುಂಡು ಬಿಚ್ಚಿ, ಮನೆ ದಾಟಿಸಿ, ಮತ್ತೆ ಕೂಡಿಸಿದರಾಯಿತು ಎಂದುಕೊಂಡಿದ್ದ ಅವನು ಗರಗಸ ತಂದ. ಎತ್ತು ಹೊಡೆಯುತ್ತಿದ್ದ ಹೆಂಡತಿಯ ತಮ್ಮ ಹೆರ್ಮಾನ್ ಅಡ್ಡ ಬಂದ. ಎಲ್ಲರೂ ಎತ್ತಿ ನಿಲ್ಲಿಸಿದ್ದನ್ನು ಎಲ್ಲರೂ ಹೂಂ ಅನ್ನದೆ ಬಿಚ್ಚುವಂತಿಲ್ಲ. ಅದು ಮುಯ್ಯಾಳಿನ ಕಟ್ಟಳೆ. ನೋಡಬಂದವರಿಗೆ ಕರಿದ ಕಡುಬು ಮಾರುವ ಮನೆಗಳಿಂದ ಹೂಂ ಬರಲಿಲ್ಲ.

"ನನ್ನ ಕುರಿ ತಿಂದು ನನ್ನ ದಾರಿಗೇ ಅಡ್ಡ ನಿಲ್ತೀಯೇನೋ?"

"ಕುರಿ ಚೆನ್ನಾಗಿತ್ತು ಭಾವ. ನೀನೊಬ್ಬನೇ ಹೊಡೆದ ಮೊಳೆ ಯಾವುದಿದೆ ತೋರ್ಸು, ಅದನ್ನ ಕಿತ್ಕೊ."

ಅಬ್ದೊನ್ ಹಲಗೆ ಹಲಗೆ ದಿಟ್ಟಿಸಿದ. ಪ್ರತಿ ಮೊಳೆಯನ್ನೂ ಒಬ್ಬನ ಕೈ ಹಿಡಿದಿದ್ದರೆ ಇನ್ನೊಬ್ಬನ ಕೈ ಹೊಡೆದಿತ್ತು. ಗರಗಸ ಕೆಳಗಿಟ್ಟ.

ಒದ್ದೆ ಇಳಿಜಾರಿನಲ್ಲಿ ಮನೆಯನ್ನು ಹಿಂದಕ್ಕೆಳೆಯಲು ಎತ್ತುಗಳಿಂದಾಗಲಿಲ್ಲ. ನೊಗ ಬಿಚ್ಚಿ ಹೊಡೆದುಕೊಂಡು ಹೋದರು. ಮನೆಯ ಬಾಗಿಲು ಸೇತುವೆಯ ಹಲಗೆಗೇ ತೆರೆದುಕೊಂಡಿತ್ತು.

ಮಾರನೆಯ ಬೆಳಿಗ್ಗೆ ಅಪರಿಚಿತ ಹೆಂಗಸೊಬ್ಬಳು ಬಾಗಿಲು ನೂಕಿ, ಒಲೆಯನ್ನೂ ಆಲೂಗಡ್ಡೆ ಸುಲಿಯುತ್ತಿದ್ದ ಎದುವಿನಾಳನ್ನೂ ನೋಡಿ, ಹಿಂದಿದ್ದ ಗಂಡನಿಗೆ ಕೂಗಿ ಹೇಳಿದಳು: "ಬನ್ನಿ, ನೋಡೋಕೆ ಒಳಗೂ ಇದೆ. ಮನುಷ್ಯರನ್ನೂ ಕೂರಿಸಿದಾರೆ."

ಎದುವಿನಾ ತಲೆಯೆತ್ತಲಿಲ್ಲ. ಅಬ್ದೊನ್ ಆ ಹೆಂಗಸನ್ನು ಹೊರಗಟ್ಟಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಹೊರಗೆ ಜನ ಸಾಲುಗಟ್ಟಿದರು.