ಮೂವತ್ತೇಳನೇ ನಂಬರಿನ ಸೈಟು

ನಮ್ಮ ಹೊಸಪೇಟೆಯ ಕಟ್‌ಪೀಸ್ ಅಂಗಡಿ ಎರ್ರಿಸ್ವಾಮಿಯವರಿಗೆ ತೋರಣಗಲ್ಲು ರಸ್ತೆಯಲ್ಲಿ ಒಂದು ಸೈಟಿದೆ. ಎಲ್ಲಿದೆ ಅನ್ನುವುದು ಮಾತ್ರ ಅವರಿಗೂ ಗೊತ್ತಿಲ್ಲ. ರೇಟು ಏರುತ್ತಿದ್ದ ಕಾಲದಲ್ಲಿ ಕಾರಿನಿಂದ ಇಳಿಯದೆ, ಕಿಟಕಿಯಲ್ಲೇ ಇಣುಕಿ, "ಪೂರ್ವಕ್ಕ ಬಾಗ್ಲಾ ಬರ್ತೈತಲ್ಲ, ಸಾಕು" ಎಂದು ಕೊಂಡವರು. ಆಮೇಲೆ ರೇಟು ಬಿತ್ತು, ಲೇಔಟಿನವರು ಫೋನ್ ಎತ್ತುವುದು ಬಿಟ್ಟರು, ನಂಬರ್ ಕಲ್ಲುಗಳು ಯಾರ್ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾದವು, ಉಳಿದಿದ್ದನ್ನು ಬಳ್ಳಾರಿ ಜಾಲಿ ನುಂಗಿತು. ಈಗಲೂ ಪ್ರತಿ ಭಾನುವಾರ ಹೋಗುತ್ತಾರೆ, ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು, ಹೆಜ್ಜೆ ಎಣಿಸಿ, ಎಣಿಕೆ ತಪ್ಪಿ, ಕೊನೆಗೆ ಕುರಿ ಕಾಯುವವರನ್ನೇ "ಮೂವತ್ತೇಳು ಇದ ಏನ್ರಿ?" ಎಂದು ಕೇಳುತ್ತಾರೆ. ಮಾರಿಬಿಡಿ ಅಂದರೆ, "ಮಾರಾಕ ಮೊದ್ಲು ತೋರಿಸ್ಬೇಕಲ್ರಿ" ಎಂದು ನಮ್ಮ ಮುಖವನ್ನೇ ನೋಡುತ್ತಾರೆ. ಕಳೆದ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಡಿಕ್ಕಿಯಿಂದ ನೀರಿನ ಕ್ಯಾನು ಇಳಿಸಿ, ಜಾಲಿಯ ನಡುವೆ ಅಲ್ಲೊಂದು ಇಲ್ಲೊಂದು ತಾವೇ ನೆಟ್ಟಿದ್ದ ಆರು ಬೇವಿನ ಸಸಿಗಳಿಗೆ ನೀರು ಹಾಕತೊಡಗಿದರು. "ಒಂದು ಸೈಟಿಗೆ ಆರು ಗಿಡ ಯಾಕ್ರಿ?" ಅಂದೆ. "ಒಂದಾದ್ರೂ ನಮ್ಮ ಮನಿ ಮುಂದ ಬರ್ತೈತ್ರಿ," ಅಂದರು. "ಯಾವ್ದಂತ ಗೊತ್ತಾಗೋತನಕ ಎಲ್ಲಾದಕ್ಕೂ ಹಾಕ್ಬೇಕಲ್ರಿ."